ಹದಿನಾಲ್ಕು ಕಂಪ್ಯೂಟರು, ಒಂದೇ ಅಕ್ಷರ

ಆಸ್ಪತ್ರೆಯೆಂದೊಡನೆ ಜನರಿಗೆ ಮೊದಲು ನೆನಪಾಗುವವರು ವೈದ್ಯರು, ಆಮೇಲೆ ದಾದಿಯರು, ಅವರಾದ ಮೇಲೆ ಬೇಕಿದ್ದರೆ ಕ್ಯಾಂಟೀನಿನ ಕಾಫಿ. ನೆಲಮಾಳಿಗೆಯ ದಾಖಲೆ ವಿಭಾಗ ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ ಹಳೆಯ ಕಡತ ಸಿಗದೆ ಯಾರನ್ನಾದರೂ ಬೈಯಬೇಕಾದಾಗ ಮಾತ್ರ. ಅಂಥ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು, ಹಲಸೂರು ಕೆರೆಯ ಸಮೀಪದ ನಮ್ಮ ಧರ್ಮಾಸ್ಪತ್ರೆಯ ಕಡತಗಳನ್ನು ಒಂದೂ ಕಳೆಯದಂತೆ ಕಾಪಾಡಿದ ಶ್ರೀಮತಿ ಖುರ್ಷೀದಾ ಬೇಗಂ ಅವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ರೋಗಿಯ ಕಡತವಿರುವುದು ವೈದ್ಯರ ಉಪಯೋಗಕ್ಕೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿಕೊಂಡು ಬಂದ ಮಾತು. ಆ ಕಡತದಲ್ಲಿ ರೋಗಿಗೂ ಒಂದು ಹಾಳೆ ಸಲ್ಲಬೇಕು, ಅದು ಅವರಿಗೆ ಓದಲು ಬರುವ ಭಾಷೆಯಲ್ಲಿರಬೇಕು ಎಂದು ಮೊದಲಿನಿಂದ ಕೊನೆಯವರೆಗೆ ಹಟ ಹಿಡಿದವರು ನಮ್ಮ ಮೇಡಂ.

ಅಭಿನಂದನ ಸಮಿತಿಯವರು ನನ್ನನ್ನು ಲೇಖನ ಕೇಳುವಾಗಲೇ ಎಚ್ಚರಿಕೆ ಕೊಟ್ಟರು: ಹೊಗಳಿಕೆ ಜಾಸ್ತಿಯಾಗದಿರಲಿ, ಮೇಡಂಗೆ ಸೇರುವುದಿಲ್ಲ. ಆಯಿತು, ಹೊಗಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅದು ಹೊಗಳಿಕೆಯಂತೆ ಕೇಳಿಸಿದರೆ ತಪ್ಪು ನನ್ನದಲ್ಲ.

ಮೇಡಂ ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ಮನೆಯ ಮಾತು ದಖ್ಖನಿ, ಬೀದಿಯ ಮಾತು ತಮಿಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಕನ್ನಡ ಟೈಪಿಂಗ್ ಪರೀಕ್ಷೆಯನ್ನು ಸೀನಿಯರ್ ದರ್ಜೆಯಲ್ಲಿ ಪಾಸು ಮಾಡಿ, ೧೯೮೯ರಲ್ಲಿ ನಮ್ಮ ಆಸ್ಪತ್ರೆಗೆ ಬಂದಾಗ ಅವರಿಗೆ ಸಿಕ್ಕಿದ್ದು ಒಂದು ಮೇಜು ಮತ್ತು ‘ಳ’ ಅಕ್ಷರದ ಕಡ್ಡಿ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದ ಒಂದು ಟೈಪ್‌ರೈಟರು. ಆ ಟೈಪ್‌ರೈಟರಿನಲ್ಲೇ ಅವರು ತೊಂಬತ್ತೇಳರ ಸುಮಾರಿಗೆ, ಯಾರೂ ಹೇಳದೆ, ವೈದ್ಯರ ಬೆನ್ನು ಹತ್ತಿ ಬರೆಸಿಕೊಂಡು, ಡಿಸ್ಚಾರ್ಜ್ ಆಗುವ ರೋಗಿಗಳಿಗಾಗಿ ಕನ್ನಡದ ಸೂಚನಾ ಹಾಳೆಗಳನ್ನು ಸಿದ್ಧಪಡಿಸಿದರು. ಹೆರಿಗೆಯಾದವರಿಗೆ ಒಂದು, ಸಕ್ಕರೆ ಕಾಯಿಲೆಯವರಿಗೆ ಒಂದು, ಕಣ್ಣಿನ ಆಪರೇಷನ್ ಆದವರಿಗೆ ಒಂದು. ಮನೆಗೆ ಹೋದ ಮೇಲೆ ಏನು ಮಾಡಬೇಕು, ಏನು ಮಾಡಬಾರದು, ಯಾವಾಗ ಓಡಿ ಬರಬೇಕು ಎಂಬುದೆಲ್ಲ ದೊಡ್ಡ ಅಕ್ಷರಗಳಲ್ಲಿ. ೨೦೦೪ರಲ್ಲಿ ಕಂಪ್ಯೂಟರುಗಳು ಬಂದ ಮೇಲೆ ಹಾಳೆಗಳೂ ಅವುಗಳೊಳಕ್ಕೆ ಹೋದವು, ಮೂವತ್ತೆಂಟಕ್ಕೆ ಬೆಳೆದವು.

ಹಾಳೆ ಕೊಟ್ಟರೆ ಸಾಲದು, ಕೊಡುವಾಗ ಒಂದು ಸಾಲನ್ನಾದರೂ ರೋಗಿಯ ಕೈಯಲ್ಲೋ ಜೊತೆಗೆ ಬಂದವರ ಕೈಯಲ್ಲೋ ಓದಿಸಬೇಕು ಎಂಬುದು ಮೇಡಂ ಅವರ ನಿಯಮ. ಡಿಸ್ಚಾರ್ಜ್ ಕೌಂಟರಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಕನ್ನಡಕ ಮೂಗಿನ ತುದಿಗೆ ಇಳಿಸಿ, “ಓದ್ರಮ್ಮ, ಇದೊಂದ್ ಲೈನ್ ಓದ್ಬಿಟ್ಟು ಹೋಗಿ” ಎನ್ನುತ್ತಿದ್ದರು. ಆಯಾ ಪೀರಮ್ಮನಿಗೆ ತನ್ನ ರಜೆ ಅರ್ಜಿಯನ್ನು ತಾನೇ ಬರೆಯುವಷ್ಟು ಅಕ್ಷರ ಕಲಿಸಿದ್ದೂ ಇವರೇ. ಆಕೆ ಆಮೇಲೆ ವಾರಕ್ಕೊಂದು ಅರ್ಜಿ ಬರೆಯತೊಡಗಿ ಎಲ್ಲರ ಜೀವ ತಿಂದದ್ದು ಬೇರೆ ವಿಷಯ.

ನಾನು ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದ್ದು ೨೦೧೬ರ ಆರಂಭದಲ್ಲಿ, ಒಂದು ವರ್ಷದ ಪ್ರೊಬೇಷನ್ ಮೇಲೆ. ದೊಮ್ಮಲೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಏದುಸಿರುಬಿಡುತ್ತಿದ್ದ ನನಗೆ ಮೊದಲ ದಿನವೇ ತಮ್ಮ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟರು. ಒಂಬತ್ತು ವರ್ಷವಾದರೂ ಅದನ್ನು ವಾಪಸು ಕೇಳಿಲ್ಲ. ಆ ವರ್ಷದ ನವೆಂಬರಿನಲ್ಲಿ ಮಗಳು ಲುಬ್ನಾಳ ಮದುವೆಗೆಂದು ಮೇಡಂ ಮೂರು ವಾರ ರಜೆ ಹಾಕಿದರು. ಅಷ್ಟು ದೀರ್ಘ ರಜೆ ಅವರು ಹಾಕಿದ್ದು ಅದೇ ಮೊದಲು. ಆ ಮೂರು ವಾರಗಳಲ್ಲಿ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಬೇಕು. ಇದನ್ನು ಈವರೆಗೆ ಆಸ್ಪತ್ರೆಯಲ್ಲಿ ಮೇಡಂ ಒಬ್ಬರನ್ನು ಬಿಟ್ಟು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಆಗ ನಮ್ಮಲ್ಲಿ ಕನ್ನಡ ಕಾಣಬೇಕಾದರೆ ಪ್ರತಿಯೊಂದು ಕಂಪ್ಯೂಟರಿಗೂ ಒಂದು ಫಾಂಟನ್ನು, ಅಂದರೆ ಅಕ್ಷರಗಳ ಅಚ್ಚುಗಳ ಒಂದು ಕಟ್ಟನ್ನು, ಬೇರೆಯಾಗಿ ಹಾಕಬೇಕಿತ್ತು. ನಾವು ಟೈಪು ಮಾಡಿ ಉಳಿಸಿದ ಹಾಳೆಯೊಳಗೆ ಇರುತ್ತಿದ್ದುದು ‘ಇಂತಿಷ್ಟನೆಯ ಅಚ್ಚು ಹಾಕು’ ಎಂಬ ಸಂಖ್ಯೆ ಮಾತ್ರ. ಆ ಸಂಖ್ಯೆಯ ಅಚ್ಚು ಯಾವುದು ಎಂಬುದನ್ನು ಆಯಾ ಕಂಪ್ಯೂಟರಿನ ಫಾಂಟೇ ತೀರ್ಮಾನಿಸುತ್ತಿತ್ತು. ಇದೆಲ್ಲ ನನಗೆ ಎಲ್ಲಿ ಗೊತ್ತಿತ್ತು? ಮೂರನೆಯ ಮಹಡಿಯ ಮಹಿಳಾ ವಾರ್ಡಿನ ಕಂಪ್ಯೂಟರಿನಲ್ಲಿ ನಮ್ಮ ಹಾಳೆಗಳನ್ನು ತೆರೆದರೆ ಒತ್ತಕ್ಷರಗಳು ಪಕ್ಕದ ಅಕ್ಷರದ ಕಾಲಿಗೆ ಜೋತುಬಿದ್ದಿದ್ದವು, ದೀರ್ಘಗಳು ಎಲ್ಲೋ ಕಳೆದುಹೋಗಿದ್ದವು. ಅಯ್ಯೋ, ಯಾರೋ ತಪ್ಪು ಟೈಪು ಮಾಡಿದ್ದಾರೆ, ಮೇಡಂ ಬರುವುದರೊಳಗೆ ಸರಿಮಾಡಿ ಶಭಾಷ್ ಅನ್ನಿಸಿಕೊಳ್ಳೋಣ ಎಂದುಕೊಂಡು, ಅಲ್ಲೇ ಕುಳಿತು ಹದಿನೇಳು ಹಾಳೆಗಳನ್ನು ಒಂದೊಂದೇ ಅಕ್ಷರ ಅಳಿಸಿ, ಆ ಪರದೆಯ ಮೇಲೆ ಸರಿಯಾಗಿ ಕಾಣುವವರೆಗೆ ತಿದ್ದಿ ತಿದ್ದಿ ಉಳಿಸಿದೆ. ಆ ಪರದೆಯಲ್ಲಿ ಮುತ್ತು ಪೋಣಿಸಿದ ಹಾಗೆ ಕಂಡಿತು. ಕೆಳಗೆ, ಡಿಸ್ಚಾರ್ಜ್ ಕೌಂಟರಿನಲ್ಲಿ, ಅದುವರೆಗೆ ಚೆನ್ನಾಗಿ ಬರುತ್ತಿದ್ದ ಆ ಹದಿನೇಳೂ ಕೆಟ್ಟು ಕುಳಿತವು. ಅಲ್ಲಿ ಯಾರೂ ನೋಡಲಿಲ್ಲ. ದಾದಿಯರು ಬಾಯಲ್ಲಿ ಹೇಳಿ, ಹಾಳೆ ಮಡಚಿ ಕೈಗಿಟ್ಟು ಕಳಿಸಿದರು. ಓದಿಸುವವರು ಮದುವೆ ಮನೆಯಲ್ಲಿದ್ದರು.

ಮೇಡಂ ಕೆಲಸಕ್ಕೆ ಮರಳಿದ್ದು ಒಂದು ಬುಧವಾರ. ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಅಂದು ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬಂದವರಲ್ಲಿ ಜೋಗುಪಾಳ್ಯದ ಗಂಗಲಕ್ಷ್ಮಮ್ಮ ಒಬ್ಬರು. ಐವತ್ತೈದು ದಾಟಿದ ಹೆಂಗಸು, ಇಂದಿರಾನಗರದ ಒಂದು ಕಚೇರಿಯಲ್ಲಿ ಕಸ ಗುಡಿಸುವ ಕೆಲಸ, ಸಕ್ಕರೆ ಕಾಯಿಲೆ. ಹತ್ತು ದಿನದ ಹಿಂದೆಯಷ್ಟೇ ನಮ್ಮಲ್ಲಿಂದ ಡಿಸ್ಚಾರ್ಜ್ ಆಗಿದ್ದರು. ರಿಜಿಸ್ಟರು ಮುಂದಿಟ್ಟಾಗ ಆಕೆ ಸುಮ್ಮನೆ ಎಡಗೈ ಹೆಬ್ಬೆರಳನ್ನು ಚಾಚಿದರು. ಬೇರೆ ಯಾರಾದರೂ ಇಂಕ್ ಪ್ಯಾಡು ತಳ್ಳಿ ಮುಂದಿನವರನ್ನು ಕರೆಯುತ್ತಿದ್ದರು. ಮೇಡಂ ಕಡತ ತೆರೆದು ನೋಡಿದರು. ಅಡ್ಮಿಷನ್ ದಿನ ಆಕೆ ರುಜು ಹಾಕಿದ್ದರು, ಅಗಲ ಅಗಲವಾಗಿ, ಪೂರ್ತಿ ಹೆಸರು.

“ಹೋದ್ ಸಲ ರುಜು ಹಾಕಿದ್ರಲ್ಲಮ್ಮ, ಈಗ್ಯಾಕೆ ಹೆಬ್ಬೆಟ್ಟು?”

“ಬುಡಿ ಮೇಡಂ. ಅದೆಲ್ಲ ನಮ್ಗೆ ಬರಲ್ಲ.”

ಮೇಡಂ ಬಿಡುವವರಲ್ಲ. ಕೆದಕಿ ಕೆದಕಿ ಕೇಳಿದ ಮೇಲೆ ಹೊರಬಂದದ್ದಿಷ್ಟು: ಎರಡು ವರ್ಷದಿಂದ ಗಂಗಲಕ್ಷ್ಮಮ್ಮ ಸಂಜೆ ಹೊತ್ತು ದೊಡ್ಡವರ ಅಕ್ಷರ ಕಲಿಕೆಯ ತರಗತಿಗೆ ಹೋಗುತ್ತಿದ್ದರು. ಬಸ್ಸಿನ ಬೋರ್ಡು, ಅಂಗಡಿ ಹೆಸರು ಎಲ್ಲ ಓದುವಷ್ಟಾಗಿತ್ತು. ನಮ್ಮ ಸೂಚನಾ ಹಾಳೆ ಕೈಗೆ ಬಂದಾಗ ಮನೆಯಲ್ಲಿ ಸೊಸೆಯ ಮುಂದೆ ಜಂಬದಿಂದ ಬಿಡಿಸಿ ಓದಲು ಕುಳಿತರು. ಒಂದು ಸಾಲೂ ಓದಲಾಗಲಿಲ್ಲ. ಅಕ್ಷರವೆಲ್ಲ ಗುರುತಿನವೇ, ಆದರೆ ಒಂದು ಮಾತೂ ಆಗುತ್ತಿಲ್ಲ. ಸೊಸೆ ನಕ್ಕಳು. ಹಾಳೆ ತಪ್ಪಿರಬಹುದು ಎಂದು ಗಂಗಲಕ್ಷ್ಮಮ್ಮನಿಗೆ ಹೊಳೆಯಲೇ ಇಲ್ಲ. ಆಸ್ಪತ್ರೆಯವರು ಅಚ್ಚು ಹಾಕಿಸಿದ್ದು ತಪ್ಪಿರುತ್ತದೆಯೇ?

“ಎಲ್ಡ್ ವರ್ಸ ಕಲ್ತಿದ್ದೆಲ್ಲ ಸುಳ್ಳು ಮೇಡಂ. ಮೇಷ್ಟ್ರು ನನ್ ಮನ್ಸು ನೋಯಬಾರ್ದು ಅಂತ ಸರಿ ಸರಿ ಅಂತಿದ್ರು ಅಷ್ಟೇ. ಕ್ಲಾಸ್ ಬುಟ್ಬುಟ್ಟೆ.”

ಮೇಡಂ ಕೌಂಟರಿನಿಂದ ಆ ಹಾಳೆಯ ಒಂದು ಪ್ರತಿ ತರಿಸಿ ನೋಡಿದರು. “ಯಾ ಅಲ್ಲಾ” ಎಂದರು. ಹಾಳೆ ಪೂರ್ತಿ ಕಲಸುಮೇಲೋಗರವಾಗಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅರ್ಧ ಸರಿ ಅರ್ಧ ತಪ್ಪಾಗಿದ್ದರಿಂದ ಆ ತಾಯಿ ತನ್ನನ್ನೇ ಅನುಮಾನಿಸಿಕೊಂಡಿದ್ದರು. ಆ ಕ್ಷಣವೇ ಮೇಡಂ ಕನ್ನಡದ ಹಾಳೆಗಳನ್ನು ಕೊಡುವುದನ್ನು ನಿಲ್ಲಿಸಿ, ತಾವೇ ಮೇಲೆ ಹೋಗಿ ಆಡಳಿತಾಧಿಕಾರಿ ಪ್ರೇಮ್‌ಕುಮಾರ್ ಅವರಿಗೆ ವಿಷಯ ತಿಳಿಸಿದರು. ಪ್ರೇಮ್‌ಕುಮಾರ್ ಕೆಟ್ಟವರಲ್ಲ, ಆದರೆ ತಾಪತ್ರಯ ಕಂಡರೆ ಬುಡಸಮೇತ ಕಿತ್ತುಹಾಕಬೇಕೆನ್ನುವವರು.

“ಏನ್ ಮೇಡಂ ಇದು, ಒಂದ್ ಸಿಸ್ಟಮ್‌ನಲ್ಲಿ ಒಂದ್ ಥರ, ಇನ್ನೊಂದ್ರಲ್ಲಿ ಇನ್ನೊಂದ್ ಥರ. ಇಂಗ್ಲಿಷ್‌ನಲ್ಲೇ ಕೊಟ್ಬಿಡೋಣ, ಪ್ರಾಬ್ಲಮ್ಮೇ ಇರಲ್ಲ.”

“ಪ್ರಾಬ್ಲಮ್ ನಮ್ಗಿರಲ್ಲ ಸರ್. ಓದೋರಿಗಿರತ್ತೆ.”

ಅವರು ಒಪ್ಪಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ಸೋಮವಾರ ಮಧ್ಯಾಹ್ನ ಟ್ರಸ್ಟಿಗಳ ಸಭೆಯಿತ್ತು. ಅಷ್ಟರೊಳಗೆ ಆಸ್ಪತ್ರೆಯ ಹದಿನಾಲ್ಕು ಕಂಪ್ಯೂಟರುಗಳಲ್ಲೂ ಮೂವತ್ತೆಂಟು ಹಾಳೆಗಳೂ ಒಂದೇ ಥರ ಕಾಣಬೇಕು, ಒಂದೇ ಥರ ಅಚ್ಚಾಗಬೇಕು. ಇಲ್ಲದಿದ್ದರೆ ಕನ್ನಡದ ಹಾಳೆ ಅಲ್ಲಿಗೇ ಮುಗಿಯಿತು ಎಂದರು. ಹತ್ತೊಂಬತ್ತು ವರ್ಷದ ಕೆಲಸ ಉಳಿಸಿಕೊಳ್ಳಲು ಮೇಡಂಗೆ ಸಿಕ್ಕಿದ್ದು ನಾಲ್ಕೂವರೆ ದಿನ.

ಕಂಪ್ಯೂಟರ್ ಸರ್ವಿಸಿನವರು ಗುರುವಾರ ಬಂದರು. ಅವರ ಬಳಿ ಎಲ್ಲ ಕಾಯಿಲೆಗೂ ಒಂದೇ ಮದ್ದು: “ಫಾರ್ಮ್ಯಾಟ್ ಹೊಡೀಬೇಕು ಮೇಡಂ.” ಮೇಡಂ ಅವರಿಗೆ ಚಹಾ ಕುಡಿಸಿ ಸಾಗಹಾಕಿದರು. ಆಮೇಲೆ ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ತೊಂದರೆ ಕೊಡುವ ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನೆಲ್ಲ ಸೇರಿಸಿ ಒಂದು ಪುಟ ಟೈಪು ಮಾಡಿ, ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಒಂದೊಂದು ಕಂಪ್ಯೂಟರಿನ ಬಳಿಗೂ ಹೋಗಿ, ಅದೇ ಪುಟವನ್ನು ತೆರೆದು, ಅಲ್ಲಲ್ಲೇ ಅಚ್ಚು ತೆಗೆದು, ಪ್ರತಿಯೊಂದರ ಬೆನ್ನ ಮೇಲೂ ಕೋಣೆಯ ಹೆಸರು ಬರೆದರು. ಹದಿನಾಲ್ಕು ಹಾಳೆಗಳನ್ನೂ ದಾಖಲೆ ಕೋಣೆಯ ಉದ್ದನೆಯ ಮೇಜಿನ ಮೇಲೆ ಹರಡಿ, ಕಡತ ವಿಂಗಡಿಸುವ ಹಾಗೆಯೇ ವಿಂಗಡಿಸಿದರು. ನೋಡಿದರೆ ಇದ್ದದ್ದು ಹದಿನಾಲ್ಕು ಕಾಯಿಲೆಯಲ್ಲ, ಮೂರೇ ಮೂರು. ಆರು ಹಾಳೆ ಒಂದೇ ಥರ, ಐದು ಇನ್ನೊಂದು ಥರ. ಉಳಿದ ಮೂರರಲ್ಲಿ ಕನ್ನಡವೇ ಇಲ್ಲದೆ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದಂತಿತ್ತು. ಆರರಲ್ಲಿ ಹೊಸ ಫಾಂಟು, ಮೂರನೆಯ ಮಹಡಿಯದೂ ಸೇರಿ ಐದರಲ್ಲಿ ಅದೇ ಹೆಸರಿನ ಹಳೆಯ ಫಾಂಟು, ಮೂರರಲ್ಲಿ ಫಾಂಟೇ ಇರಲಿಲ್ಲ. ಹೆಸರು ಒಂದೇ ಆದ್ದರಿಂದ ಒಳಗಿನ ಅಚ್ಚು ಬೇರೆಯಿರಬಹುದೆಂದು ವರ್ಷಗಟ್ಟಲೆ ಯಾರೂ ಶಂಕಿಸಿರಲಿಲ್ಲ.

ಇಷ್ಟಾದರೂ ಕೌಂಟರಿನ ಕಂಪ್ಯೂಟರು ಹೊಸ ಫಾಂಟಿನ ಗುಂಪಿನಲ್ಲೇ ಇತ್ತಲ್ಲ. ಅಲ್ಲಿ ಹದಿನೇಳು ಹಾಳೆ ಕೆಟ್ಟದ್ದೇಕೆ? ಮೇಡಂ ಮೌಸಿನಲ್ಲಿ ಏನೋ ಒತ್ತಿ ನೋಡಿದರು. ಕಡತವನ್ನು ಕೊನೆಯಲ್ಲಿ ತಿದ್ದಿದವರ ಹೆಸರು ಪರದೆಯ ಮೇಲೆ ಬಂತು. ನನ್ನದು. ಹದಿನೇಳರಲ್ಲೂ ನನ್ನದೇ.

“ಅನಸೂಯಾ, ಮೂರನೇ ಫ್ಲೋರ್‌ನಲ್ಲಿ ಕೂತ್ಕೊಂಡು ಸರಿ ಮಾಡಿದ್ಯಾ?”

“ಹೂಂ ಮೇಡಂ. ಅಲ್ಲಿ ಸರಿಯಾಗೇ ಕಾಣ್ತಿತ್ತು.”

“ಅಲ್ಲಿ ಕಾಣ್ತಿತ್ತು,” ಎಂದರು, ಅಷ್ಟೇ. ನಾನು ಅಳತೊಡಗಿದೆ. ಮೇಲೆ ಹೋಗಿ ಹೇಳಿಬಿಡುತ್ತೇನೆ ಎಂದೆ. ಅವರಿಗೆ ರೇಗಿತು. “ನಿಂದಿನ್ನೂ ಪ್ರೊಬೇಷನ್ನು. ಹೇಳಿದ್ರೆ ನಾಳೆ ಮನೇಗ್ ಕಳಿಸ್ತಾರೆ. ಸೋಮವಾರದೊಳ್ಗೆ ಮೂವತ್ತೆಂಟು ಹಾಳೆ ಟೈಪ್ ಮಾಡೋರು ಯಾರು, ನಿಮ್ಮಪ್ಪಾನಾ? ಮುಖ ತೊಳ್ಕೊಂಡ್ ಬಾ, ಹೋಗು.”

ಹಳೆಯ ಕಡತಗಳನ್ನು ಹಾಗೆಯೇ ಪರಿವರ್ತಿಸಿದರೆ ನನ್ನ ತಪ್ಪುಗಳೂ ಜೊತೆಯಲ್ಲೇ ಬರುತ್ತವೆಂದು, ಎಲ್ಲವನ್ನೂ ಯುನಿಕೋಡಿನಲ್ಲಿ, ಅಂದರೆ ಯಾವ ಕಂಪ್ಯೂಟರಿಗೆ ಹೋದರೂ ‘ಕ’ ಎಂಬುದು ‘ಕ’ ಆಗಿಯೇ ಉಳಿಯುವ ಪದ್ಧತಿಯಲ್ಲಿ, ಹೊಸದಾಗಿ ಟೈಪು ಮಾಡುವುದೆಂದು ಮೇಡಂ ನಿಶ್ಚಯಿಸಿದರು. ಹದಿನಾಲ್ಕು ಕಂಪ್ಯೂಟರುಗಳಿಂದಲೂ ಹಳೆಯ ಫಾಂಟನ್ನು ತೆಗೆಸಿ, ಒಂದೇ ಫಾಂಟನ್ನು ತಮ್ಮ ಕೈಯಾರೆ ಹಾಕಿದರು. ನಾನು ಟೈಪು ಮಾಡಿದ ಪ್ರತಿ ಹಾಳೆಯನ್ನೂ ನಾನೇ ಗಟ್ಟಿಯಾಗಿ ಓದಬೇಕು. ವೈದ್ಯರ ಕೈಬರಹದ ಮೂಲಪ್ರತಿಗಳನ್ನು ಹಿಡಿದು ಅವರು ಕೇಳಬೇಕು. ಶುಕ್ರವಾರ, ಶನಿವಾರ ಹೀಗೇ ಹೋಯಿತು. ಹೊಸ ಮದುಮಗಳು ಲುಬ್ನಾ ಶನಿವಾರ ತವರಿಗೆ ಬಂದಿದ್ದಳಂತೆ. ಮೇಡಂ ಫೋನಿನಲ್ಲಿ ದಖ್ಖನಿಯಲ್ಲಿ ಅವಳನ್ನು ಸಮಾಧಾನಪಡಿಸುತ್ತಿದ್ದದ್ದು ಕೇಳಿ ನನಗೆ ತಲೆಯೆತ್ತಲಾಗಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲ ಮುಗಿಯಿತು ಎಂದುಕೊಂಡಾಗ ಔಷಧಿ ಕೌಂಟರಿನ ಪ್ರಿಂಟರು ಕೈಕೊಟ್ಟಿತು. ಪರದೆಯ ಮೇಲೆ ಚೊಕ್ಕವಾಗಿದ್ದದ್ದು ಕಾಗದದ ಮೇಲೆ ಖಾಲಿ ಚೌಕಗಳಾಗಿ ಬರುತ್ತಿತ್ತು. ನಾನಂತೂ ಪ್ರಿಂಟರಿಗೆ ಎರಡು ಬಿಗಿದೆ. ಮೇಡಂ ಅದರ ಸೆಟ್ಟಿಂಗುಗಳನ್ನು ಒಂದೊಂದಾಗಿ ಓದುತ್ತಾ ಹೋಗಿ, ಕಂಪ್ಯೂಟರು ಕಳಿಸುವ ಅಕ್ಷರಗಳನ್ನು ಬಿಟ್ಟು ತನ್ನೊಳಗಿನ ಅಕ್ಷರಗಳನ್ನೇ ಬಳಸುವಂತೆ ಅದಕ್ಕೆ ಹೇಳಿಕೊಟ್ಟಿದ್ದ ಒಂದು ಗುರುತನ್ನು ಹುಡುಕಿ ತೆಗೆದರು. ಮುಂದಿನ ಹಾಳೆ ಸರಿಯಾಗಿ ಬಂತು.

ಸೋಮವಾರ ಬೆಳಿಗ್ಗೆ ಗಂಗಲಕ್ಷ್ಮಮ್ಮ ಡ್ರೆಸ್ಸಿಂಗಿಗೆ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಮೇಡಂ ಪಕ್ಕದಲ್ಲಿ ಹೋಗಿ ಕುಳಿತು ಹಾಳೆ ಚಾಚಿದರು. ಆಕೆ ಮುಖ ತಿರುಗಿಸಿದರು: “ಬ್ಯಾಡ ಮೇಡಂ. ಇಷ್ಟ್ ಜನದ್ ಮುಂದೆ ಮಾನ ಕಳೀಬ್ಯಾಡಿ.”

ಮೇಡಂ ಹಳೆಯ ಹಾಳೆಯನ್ನೂ ಹೊಸದನ್ನೂ ಆಕೆಯ ಮಡಿಲಲ್ಲಿ ಅಕ್ಕಪಕ್ಕ ಇಟ್ಟರು. “ನೋಡಿ, ಇದು ಅವತ್ತು ನಾವ್ ಕೊಟ್ಟಿದ್ದು. ಇದನ್ನ ನಾನೂ ಓದಕ್ಕಾಗಲ್ಲ, ಡಾಕ್ಟ್ರೂ ಓದಕ್ಕಾಗಲ್ಲ. ತಪ್ಪು ನಮ್ದಮ್ಮ. ನಿಮ್ದಲ್ಲ.”

ಆಕೆ ಎರಡನ್ನೂ ಹೋಲಿಸಿ ನೋಡಿದರು. ಆಮೇಲೆ ಹೊಸ ಹಾಳೆಯ ಮೇಲೆ ಬೆರಳಿಟ್ಟು, ತಡೆತಡೆದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದರು. “ದಿನಾ… ಕಾಲನ್ನು… ಉಗುರು ಬೆಚ್ಚಗಿನ… ನೀರಿನಲ್ಲಿ… ತೊಳೆಯಿರಿ.” ಎರಡನೆಯ ಸಾಲಿಗೆ ಬರುವಾಗ ದನಿ ಗಟ್ಟಿಯಾಗಿತ್ತು. ಅದೇ ಹೊತ್ತಿಗೆ ಪ್ರೇಮ್‌ಕುಮಾರ್ ಮೆಟ್ಟಿಲಿಳಿದು ಬಂದು ಕಂಬದ ಬಳಿ ನಿಂತರು. ಅರ್ಧ ಹಾಳೆ ಆಗುತ್ತಲೇ ಗಂಗಲಕ್ಷ್ಮಮ್ಮ ತಟ್ಟನೆ ತಲೆಯೆತ್ತಿದರು.

“ಮೇಡಂ, ಬೆರಳ್ ಸಂದಿ ಒಣ್ಗಿಸ್ಬೇಕು ಅಂತ ನರ್ಸಮ್ಮ ಬಾಯಲ್ಲಿ ಹೇಳಿದ್ರು. ಇದ್ರಲ್ಲಿ ಅದೇ ಇಲ್ವಲ್ಲ? ಬರ್ಯಕ್ ಮರ್ತ್‌ಬುಟ್ರಾ?”

ನಿಜ. ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಇರಲಿಲ್ಲ. ವೈದ್ಯರು, ದಾದಿಯರು, ಮೇಡಂ, ನಾನು, ಯಾರೂ ಗಮನಿಸಿರಲಿಲ್ಲ. ಮೇಡಂ ಗಹಗಹಿಸಿ ನಕ್ಕುಬಿಟ್ಟರು. ಅವರ ಕಣ್ಣಲ್ಲಿ ನೀರೂ ಇತ್ತು. ಪ್ರೇಮ್‌ಕುಮಾರ್ ಹದಿನಾಲ್ಕು ಕಂಪ್ಯೂಟರುಗಳ ಅಚ್ಚುಗಳನ್ನು ಇಸಿದುಕೊಂಡು ಮೇಲೆ ಹೋದರು. ಸಂಜೆ ಸಭೆಯ ನಿರ್ಣಯ ಬಂತು: ಕನ್ನಡದ ಹಾಳೆಗಳು ಮುಂದುವರಿಯತಕ್ಕದ್ದು, ಆ ಒಂದು ಸಾಲು ಸೇರಿಸಿಕೊಂಡು. ಇವತ್ತು ಅವು ಐವತ್ತೆರಡಾಗಿವೆ. ತಮಿಳು, ಉರ್ದುವಿನಲ್ಲೂ ಬಂದಿವೆ. ಯಾವ ಹೊಸ ಹಾಳೆಯೂ ಈಗ ರೋಗಿಯೊಬ್ಬರು ಓದಿ ಒಪ್ಪಿದ ಮೇಲೆಯೇ ಹೊರಡುತ್ತದೆ.

ನಿವೃತ್ತಿಯ ಮರುವಾರದಿಂದಲೇ ಮೇಡಂ ಶಿವಾಜಿನಗರದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲಿದ್ದಾರೆಂದು ಕೇಳಿದ್ದೇನೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅವರ ಕಣ್ಣು ಚುರುಕಾಗಿರಲಿ, ಮಂಡಿನೋವು ಕಡಿಮೆಯಾಗಲಿ, ಆ ಕೋಣೆ ವರ್ಷವಿಡೀ ತುಂಬಿರಲಿ, ನೂರು ತುಂಬುವವರೆಗೂ ಅವರು ನಮ್ಮಂಥವರನ್ನು ಗದರುತ್ತಿರಲಿ ಎಂದು ಮನಸಾರೆ ಹಾರೈಸುತ್ತೇನೆ.

ಒಂದು ಮಾತು ಉಳಿಯಿತು. ಆ ಸಭೆಯಲ್ಲಿ, ಹಾಳೆಗಳು ಕೆಟ್ಟದ್ದು ಯಾರಿಂದ ಎಂಬ ಪ್ರಶ್ನೆಯೂ ಎದ್ದಿತ್ತು. “ನನ್ನ ವಿಭಾಗದಿಂದ, ನನ್ನ ಹೊಣೆ” ಎಂದು ಮೇಡಂ ಬರೆದುಕೊಟ್ಟರು. ಡಿಸೆಂಬರಿನಲ್ಲಿ ಅವರಿಗೆ ಮೆಮೊ ಬಂತು. ಜನವರಿಯಲ್ಲಿ ನನ್ನ ಕೆಲಸ ಖಾಯಂ ಆಯಿತು. ಮನೆಯಲ್ಲಿ ಸಿಹಿ ಮಾಡಿದೆವು, ಮೇಡಂಗೂ ತಂದುಕೊಟ್ಟೆ, ತಿಂದರು. ಆ ಮೆಮೊದ ದೆಸೆಯಿಂದ ವಿಭಾಗದ ಮುಖ್ಯಸ್ಥೆಯ ಹುದ್ದೆ ಅವರಿಗೆ ಎರಡು ವರ್ಷ ತಡವಾಗಿ ಬಂತೆಂಬುದು ನನಗೆ ತಿಳಿದದ್ದು ಮೊನ್ನೆ, ಈ ಲೇಖನಕ್ಕೆಂದು ಅವರ ಸೇವಾ ಕಡತ ತೆಗೆದು ನೋಡಿದಾಗ. ಮೂವತ್ತಾರು ವರ್ಷದ ಆ ಕಡತದಲ್ಲಿ ಇರುವ ಮೆಮೊ ಅದೊಂದೇ. ಅದರ ಮೇಲಿರಬೇಕಾದ ಹೆಸರು ನನ್ನದು. ಈ ಲೇಖನದ ಒಂದು ಪ್ರತಿಯನ್ನು ಆ ಕಾಗದದ ಹಿಂದೆಯೇ ಸೇರಿಸಬೇಕೆಂದು ಆಡಳಿತಕ್ಕೆ ನಿನ್ನೆ ಅರ್ಜಿ ಕೊಟ್ಟಿದ್ದೇನೆ, ಕೆಳಗೆ ಪೂರ್ತಿ ಹೆಸರಿನಲ್ಲಿ ರುಜು ಹಾಕಿ. ಮೇಡಂ ಬೇಡವೆನ್ನುತ್ತಾರೆ, ಗೊತ್ತು. ಈ ಒಂದು ವಿಷಯದಲ್ಲಿ ನಾನು ಅವರ ಮಾತು ಕೇಳುವುದಿಲ್ಲ.